ಎತ್ತರ ಬರೆದಿರಿ, ಕಾಲಿನ ಮಾತು ಬಿಟ್ಟಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಕ್ರೀಡಾ ಪುಟದಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಎತ್ತರದ ಬಾಸ್ಕೆಟ್‌ಬಾಲ್ ಆಟಗಾರರ ಪಟ್ಟಿ ಹಾಕಿದ್ದಿರಿ. ನೆದರ್‌ಲೆಂಡ್ಸ್‌ನ ರಿಕ್ ಸ್ಮಿಟ್ಸ್ ಪಾಲಿಗೆ ಬಂದದ್ದು ಎರಡೇ ಸಾಲು. ಎತ್ತರ 7 ಅಡಿ 4 ಇಂಚು. ಒಮ್ಮೆಯೂ ಚಾಂಪಿಯನ್ ಆಗಲಿಲ್ಲ. ಇಷ್ಟೇನಾ ಅಂತ ಅನ್ನಿಸಿತು. ನಾನು ಮಂಡ್ಯದಲ್ಲಿ ಮೂವತ್ತೊಂದು ವರ್ಷದಿಂದ ಶೂ, ಚಪ್ಪಲಿ ಮಾರುತ್ತಿರುವವನು. ಅಂಗಡಿಗೆ ಯಾರೇ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಕಾಲಿನ ಕಡೆಗೆ. ಸ್ಮಿಟ್ಸ್ ವಿಷಯದಲ್ಲೂ ಹಾಗೇ ಆಯಿತು.

ನನಗೆ ಈ ಆಟದ ಹುಚ್ಚು ಹತ್ತಿಸಿದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಣ್ಣನ ಮಗ. 2019ರ ಅಕ್ಟೋಬರ್‌ನಲ್ಲಿ ಎನ್‌ಬಿಎಯವರು ಮುಂಬೈಗೆ ಬಂದು ಎರಡು ಪಂದ್ಯ ಆಡಿದರಲ್ಲ, ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್, ಅದಕ್ಕೆ ರಜೆ ಹಾಕಿ ಹೋಗಿದ್ದ. ಮೊದಲ ಪಂದ್ಯ ಓವರ್‌ಟೈಮ್‌ಗೆ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದರು. ಬರುವಾಗ ಪೇಸರ್ಸ್ ಟೋಪಿ ಒಂದು ತಂದುಕೊಟ್ಟ. "ಚಿಕ್ಕಪ್ಪ, ಈ ಟೀಮಿನಲ್ಲಿ ನಿಮ್ಮ ವಯಸ್ಸಿನವನು ಒಬ್ಬ ಇದ್ದ, ನೋಡಿ" ಅಂತ ಮೊಬೈಲಿನಲ್ಲಿ ಹಳೆಯ ವಿಡಿಯೊ ತೋರಿಸಿದ. ನಿಜ, ಸ್ಮಿಟ್ಸ್ ಹುಟ್ಟಿದ್ದು 1966ರಲ್ಲಿ, ನಾನೂ ಅದೇ ವರ್ಷ. ಅದಕ್ಕೇ ಅವನು, ಇವನು ಅಂತ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ಆ ವಿಡಿಯೊ 1995ರ ಮೇ 29ರದು. ಒರ್ಲ್ಯಾಂಡೊ ಮ್ಯಾಜಿಕ್ ವಿರುದ್ಧ ಸೆಮಿಫೈನಲ್ ಇದ್ದಂತೆ, ಏಳು ಪಂದ್ಯದ ಸರಣಿಯ ನಾಲ್ಕನೆಯದು. ಕೊನೆಯ 13 ಸೆಕೆಂಡಿನಲ್ಲಿ ಮುನ್ನಡೆ ನಾಲ್ಕು ಸಲ ಕೈ ಬದಲಾಯಿಸಿತು. ಮ್ಯಾಜಿಕ್‌ನ ಬ್ರಯಾನ್ ಶಾ ಮೂರು ಪಾಯಿಂಟಿನದು ಹಾಕಿದ. ಪೇಸರ್ಸ್‌ನ ರೆಜ್ಜಿ ಮಿಲ್ಲರ್ ಅದಕ್ಕೆ ಉತ್ತರವಾಗಿ ಇನ್ನೊಂದು ಹಾಕಿದ. ಆಮೇಲೆ ಪೆನ್ನಿ ಹಾರ್ಡವೇ ಮತ್ತೊಂದು. 93-92, ಮ್ಯಾಜಿಕ್ ಮುಂದೆ. ಉಳಿದಿದ್ದು 1.3 ಸೆಕೆಂಡ್. ಅಷ್ಟರಲ್ಲಿ ನಾನಾದರೆ ಒಂದು ಲೇಸ್ ಗಂಟೂ ಬಿಚ್ಚಲಾರೆ. ಡೆರಿಕ್ ಮ್ಯಾಕೀ ಗೆರೆಯಾಚೆಯಿಂದ ಚೆಂಡು ಎಸೆದ. ಸ್ಮಿಟ್ಸ್ ಹಿಡಿದ. ಮೈಮೇಲೆ ಬಂದವನು ಟ್ರೀ ರಾಲಿನ್ಸ್, ಅವನೂ ಏಳಡಿಯವನೇ. ಸ್ಮಿಟ್ಸ್ ಹೊಡೆಯುವ ಹಾಗೆ ಕೈ ಎತ್ತಿದ, ಹೊಡೆಯಲಿಲ್ಲ. ರಾಲಿನ್ಸ್ ಹಾರಿಬಿಟ್ಟ. ಅವನು ಕೆಳಗೆ ಬರುವ ಹೊತ್ತಿಗೆ ಇವನು ನಿಧಾನವಾಗಿ, ಏನೂ ಅವಸರ ಇಲ್ಲದವನ ಹಾಗೆ, ಚೆಂಡು ಬಿಟ್ಟ. ಬಝರ್ ಆಯಿತು. ಚೆಂಡು ಒಳಗೆ. 94-93. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅಂಗಡಿಗೆ ಗಿರಾಕಿ ಇಲ್ಲದ ಮಧ್ಯಾಹ್ನ ಈಗಲೂ ನೋಡುತ್ತೇನೆ.

ಸರಣಿ ಕೊನೆಗೆ 4-3ರಲ್ಲಿ ಮ್ಯಾಜಿಕ್ ಪಾಲಾಯಿತು ಅನ್ನುವುದು ಬೇರೆ ಮಾತು. ಅವನ ಹಣೆಬರಹವೇ ಹಾಗಿತ್ತು ನೋಡಿ. 1994, 1995, 1998, 1999, ನಾಲ್ಕು ಸಲ ಫೈನಲ್ ಬಾಗಿಲಿನಿಂದ ವಾಪಸ್. ಅದರಲ್ಲಿ ಮೂರು ಸಲ ಏಳನೇ ಪಂದ್ಯದವರೆಗೆ ಹೋಗಿ ಸೋತದ್ದು. 2000ರಲ್ಲಿ ಅಂತೂ ಫೈನಲ್ ತಲುಪಿದರು, ಲಾಸ್ ಏಂಜಲೀಸ್ ಲೇಕರ್ಸ್ ತಂಡ 4-2ರಲ್ಲಿ ಗೆದ್ದಿತು.

ಆದರೆ ಅವನು ಎಲ್ಲಿಂದ ಬಂದ ಅಂತ ಯೋಚಿಸಿ. ಊರು ಐಂಡ್‌ಹೋವನ್, ಫಿಲಿಪ್ಸ್ ಬಲ್ಬ್ ಕಂಪನಿಯ ಊರು. ಫುಟ್‌ಬಾಲ್ ಹುಚ್ಚಿನ ದೇಶ. ಇವನು ಬಾಸ್ಕೆಟ್‌ಬಾಲ್ ಶುರು ಮಾಡಿದ್ದೇ 14ನೇ ವಯಸ್ಸಿಗೆ. 1984ರಲ್ಲಿ ನ್ಯೂಯಾರ್ಕ್ ರಾಜ್ಯದ ಮಾರಿಸ್ಟ್ ಅನ್ನುವ ಸಣ್ಣ ಕಾಲೇಜಿಗೆ ಹೋದ. ಅದುವರೆಗೆ ಅಮೆರಿಕದ ಕಾಲೇಜುಗಳ ದೊಡ್ಡ ಟೂರ್ನಿ ಎನ್‌ಸಿಎಎಯ ಮುಖ ನೋಡದ ಕಾಲೇಜು 1986, 1987 ಎರಡೂ ವರ್ಷ ಅಲ್ಲಿ ಆಡಿತು. 1988ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಎರಡನೆಯವನಾಗಿ ಪೇಸರ್ಸ್ ತೆಗೆದುಕೊಂಡರು. ಹೊಸ ಹುಡುಗ, ಒಂದೆರಡು ವರ್ಷ ಬೆಂಚಿನಲ್ಲಿ ಕೂತು ಕಲಿಯಲಿ ಅಂತ ಲೆಕ್ಕ. ಅಷ್ಟರಲ್ಲಿ ಆ ಜಾಗದಲ್ಲಿ ಆಡುತ್ತಿದ್ದ ಸ್ಟೀವ್ ಸ್ಟಿಪನೋವಿಚ್‌ಗೆ ಮಂಡಿ ಕೈಕೊಟ್ಟಿತು (ನಮ್ಮ ಭಾಷೆಯಲ್ಲಿ ಮಂಡಿಯೂ ಕೈಕೊಡುತ್ತದೆ). ಹೀಗಾಗಿ ಇವನು ಮೊದಲ ವರ್ಷವೇ 82ಕ್ಕೆ 82 ಪಂದ್ಯ ಆಡಿದ.

ಒಟ್ಟು 12 ವರ್ಷ ಒಂದೇ ತಂಡ. 867 ಪಂದ್ಯ, ಪಂದ್ಯಕ್ಕೆ ಸರಾಸರಿ 14.8 ಪಾಯಿಂಟ್. 1998ರಲ್ಲಿ ಲೀಗಿನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. ಉದ್ದ ಆಳು ಅಂದರೆ ರಿಂಗಿನ ಕೆಳಗೆ ನಿಂತು ತುರುಕುವವನು ಅಂತ ನಾವು ತಿಳಿದಿರುತ್ತೇವೆ. ಇವನಿಗೆ ದೂರದಿಂದ ಮೆತ್ತಗೆ ಹಾಕುವ ಕೈ ಇತ್ತು. ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೂರಕ್ಕೆ 77 ಒಳಗೆ ಹೋಗುತ್ತಿತ್ತು. ಅದೇ ಕಾಲದ ಇನ್ನೊಬ್ಬ ಉದ್ದ ಆಟಗಾರ ಶಕೀಲ್ ಓನೀಲ್ ಹಾಕುತ್ತಿದ್ದದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಈಗ ಕಾಲಿನ ಮಾತಿಗೆ ಬರುತ್ತೇನೆ. ಸ್ಮಿಟ್ಸ್ ಪಾದದ ನರಗಳು ಹಾಳಾಗಿದ್ದವು. ಬೆಳೆಯುವ ವಯಸ್ಸಿನಲ್ಲಿ ಅಳತೆಗಿಂತ ಚಿಕ್ಕ, ಬಿಗಿ ಶೂ ಹಾಕಿಕೊಂಡಿದ್ದೇ ಅದಕ್ಕೆ ಕಾರಣವಂತೆ. ಎನ್‌ಬಿಎಯ ದೊಡ್ಡ ದೊಡ್ಡ ಡಾಕ್ಟರುಗಳಿದ್ದರೂ ಅದು ಪೂರ್ತಿ ಸರಿಹೋಗಲಿಲ್ಲ. 1996-97ರಲ್ಲಿ 52 ಪಂದ್ಯಕ್ಕೇ ನಿಂತ. ಫೈನಲ್ ಆಡಿದ ವರ್ಷವೇ, 34 ತುಂಬುವ ಹೊತ್ತಿಗೆ ಆಟ ಬಿಟ್ಟ. ಬಿಟ್ಟ ಮೇಲೆ ಏನು ಮಾಡಿದ ಗೊತ್ತಾ? ಚಿಕ್ಕಂದಿನಿಂದ ಆಸೆ ಇದ್ದ, ಮಣ್ಣು ದಿಬ್ಬದ ಹಾದಿಯ ಮೋಟೋಕ್ರಾಸ್ ಬೈಕ್ ಓಡಿಸಿದ, ಅದೂ ಹಳೆಯ ಕಾಲದ ಬೈಕುಗಳ ರೇಸಿನಲ್ಲಿ. ಆ ಉದ್ದಕ್ಕೆ ಆ ಬೈಕು! ಮಂಡಿ ಎಲ್ಲಿ ಇಡುತ್ತಿದ್ದನೋ.

ನರ, ಬಿಗಿ ಶೂ ಅಂತ ಅಣ್ಣನ ಮಗ ಹೇಳಿದಾಗ ನನಗೆ ಎದೆ ಝಲ್ ಅಂದಿತು. ಏಳೆಂಟು ವರ್ಷದ ಹಿಂದೆ ಒಬ್ಬ ಹುಡುಗ ತಾಯಿ ಜೊತೆ ಬಂದಿದ್ದ. ಹತ್ತನೇ ಕ್ಲಾಸು, ಆಗಲೇ ಆರಡಿ ಮೂರಿಂಚು. ಶಾಲೆಯ ಬಾಸ್ಕೆಟ್‌ಬಾಲ್ ಟೀಮಿಗೆ ಸೇರಿಸಿಕೊಂಡಿದ್ದಾರೆ, ಶೂ ಬೇಕು. ಪಾದ ಅಳೆದೆ, 12 ನಂಬರ್. ನನ್ನ ಹತ್ತಿರ 10ಕ್ಕೇ ಮುಗಿದಿತ್ತು. ಇಲ್ಲ ಅನ್ನಬೇಕಿತ್ತು ನಾನು. ವ್ಯಾಪಾರದ ಆಸೆ, "ನಾಲ್ಕು ದಿನ ಹಾಕಿಕೊಂಡರೆ ಸಡಿಲ ಆಗುತ್ತಮ್ಮ" ಅಂದೆ. ಹುಡುಗ ಬೆರಳು ಮಡಚಿಕೊಂಡು ನಿಂತಿದ್ದ. ಶೂ ತುದಿ ಒತ್ತಿದರೆ ಗೊತ್ತಾಗುತ್ತಿತ್ತು, ಒಳಗೆ ಬೆರಳು ಗಂಟಾಗಿ ಕೂತಿತ್ತು. ಅವನು ಏನೂ ಹೇಳಲಿಲ್ಲ. ಅಮ್ಮನ ಕೈಯಲ್ಲಿದ್ದ ದುಡ್ಡು ನೋಡುತ್ತಿದ್ದ. ಆರು ತಿಂಗಳಿಗೆ ಆ ತಾಯಿ ಚಪ್ಪಲಿ ಕೊಳ್ಳಲು ಬಂದಾಗ ವಿಚಾರಿಸಿದೆ. ಹೆಬ್ಬೆರಳಿನ ಉಗುರು ಹೋಗಿ ಕೀವಾಗಿತ್ತಂತೆ, ಆಟ ಬಿಟ್ಟನಂತೆ.

ಅದಕ್ಕೇ ಈ ಪತ್ರ. ನಿಮ್ಮ ವರದಿಗಾರರು ಎಲ್ಲಾದರೂ ಉದ್ದದ ಹುಡುಗ, ಹುಡುಗಿ ಕಂಡರೆ ಫೋಟೊ ತೆಗೆದು ಅಡಿ, ಇಂಚು ಬರೆಯುತ್ತಾರೆ. ಜೊತೆಗೆ ಶೂ ನಂಬರ್ ಎಷ್ಟು, ಎಲ್ಲಿ ಸಿಗುತ್ತದೆ ಅಂತಲೂ ಒಂದು ಮಾತು ಕೇಳಲಿ. ಜಿಲ್ಲಾ ಊರುಗಳಲ್ಲಿ 11 ದಾಟಿದರೆ ಸಿಗುವುದಿಲ್ಲ. ಸ್ಟಾಕ್ ತಂದರೆ ಹೋಗುವುದಿಲ್ಲ ಅಂತ ನಾವು ಅಂಗಡಿಯವರು ತರಿಸುವುದಿಲ್ಲ. ಇದರಲ್ಲಿ ಮಕ್ಕಳ ತಪ್ಪಿಲ್ಲ, ಅಲ್ವಾ?

ನಾನು ಈಗ 12, 13 ನಂಬರಿನವು ಎರಡೆರಡು ಜೊತೆ ತರಿಸಿ ಇಟ್ಟಿದ್ದೇನೆ. 12ರಲ್ಲಿ ಒಂದು ಜೊತೆ ಹೋಯಿತು. 13ರವು ಮೇಲಿನ ಸಾಲಿನಲ್ಲಿ ಒಂದು ವರ್ಷದಿಂದ ಕೂತಿವೆ. ತಿಂಗಳಿಗೊಮ್ಮೆ ಧೂಳು ಒರೆಸುತ್ತೇನೆ.

— ಒಬ್ಬ ಶೂ ಅಂಗಡಿಯವನು, ಮಂಡ್ಯ