ಮೊದಲು ಮಕ್ಕಳ ವಯಸ್ಸು ಆರಿಸಿಕೋ, ಆಮೇಲೆ ಕೋರ್ಸು

ಮೈಸೂರು

ಚಿ|| ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಕಾಗದ ತಲುಪಿತು. ಪಿಯುಸಿ ಆಯಿತು, ಟೀಚರ್ ಆಗಬೇಕು, ಚಿಕ್ಕ ಮಕ್ಕಳಿಗೆ ಕಲಿಸೋದು ಇಷ್ಟ ಅಂತ ಬರೆದಿದ್ದೀಯ. ಅದರ ಕೆಳಗೇ "ಬಿ.ಎಸ್ಸಿ., ಬಿ.ಎಡ್. ಮಾಡಿಬಿಡು, ಅದಿದ್ದರೆ ಎಲ್ಲಾ ಕ್ಲಾಸಿಗೂ ಆಗುತ್ತೆ ಅಂತಾರೆ ಅಪ್ಪ" ಅಂತಲೂ ಇದೆ. ಭಾವನವರಿಗೆ ಹೇಳು, ಎಲ್ಲಾ ಕ್ಲಾಸಿಗೂ ಆಗುವುದಿಲ್ಲ. ಬಿ.ಎಡ್. ಆದವರೂ 1ರಿಂದ 5ನೇ ತರಗತಿಗೆ ಅರ್ಹರು ಅಂತ 2018ರಲ್ಲಿ ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಹೇಳಿತ್ತು, ನಿಜ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವುದೇ ಬೇರೆ ವಿದ್ಯೆ, ಅದಕ್ಕೆ ಡಿ.ಎಲ್.ಇಡಿ., ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಬೇಕು ಅನ್ನುವುದು ತೀರ್ಪಿನ ಸಾರ. ಅಂದರೆ ಐದು ವರ್ಷ ಓದಿ, ದುಡ್ಡು ಸುರಿದು ಬಂದರೂ ನಿನಗೆ ಇಷ್ಟವಾದ ಒಂದನೇ ಕ್ಲಾಸಿನ ಬಾಗಿಲು ತೆರೆಯುವುದಿಲ್ಲ.

ದಾರಿ ಮೂರು ಇವೆ. ಪಿಯುಸಿ ಆದಮೇಲೆ ಎರಡು ವರ್ಷದ ಡಿ.ಎಲ್.ಇಡಿ., ಹಿಂದೆ ಟಿಸಿಎಚ್ ಅನ್ನುತ್ತಿದ್ದೆವಲ್ಲ, ಅದೇ ಜಾಗಕ್ಕೆ ಬಂದಿರುವುದು. ಎರಡನೆಯದು ಮೂರು ವರ್ಷದ ಪದವಿ, ಮೇಲೆ ಎರಡು ವರ್ಷದ ಬಿ.ಎಡ್. ಮೂರನೆಯದು ಪಿಯುಸಿಯಿಂದ ನೇರ ನಾಲ್ಕು ವರ್ಷದ, ಪದವಿ ಬಿ.ಎಡ್. ಎರಡೂ ಸೇರಿದ ಸಂಯೋಜಿತ ಕೋರ್ಸು. ನಮ್ಮ ಮಾನಸಗಂಗೋತ್ರಿ ಪಕ್ಕದಲ್ಲೇ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಆರ್‌ಐಇ, 1963ರಿಂದ ಈ ಕೆಲಸ ಮಾಡುತ್ತಿದೆ. ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆ ಇದೆ, ಪಾಠ ಕಲಿತದ್ದನ್ನು ಅಲ್ಲೇ ಮಕ್ಕಳ ಮುಂದೆ ನಿಂತು ನೋಡಬಹುದು. ಸೀಟು ಕಡಿಮೆ, ದಕ್ಷಿಣದ ರಾಜ್ಯಗಳವರೆಲ್ಲ ಬರುತ್ತಾರೆ, ಪ್ರವೇಶ ಪರೀಕ್ಷೆ ಬರೆಯಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ನಿನ್ನ ಆಸೆ ಅದಲ್ಲ ಅಂತ ನನಗೆ ಅನ್ನಿಸುತ್ತದೆ, ತಪ್ಪಿದ್ದರೆ ಹೇಳು.

ಪದವಿ ದಾರಿಗೇ ಹೋದರೂ ಕಾಂಬಿನೇಷನ್ ಎಚ್ಚರ. ಹೈಸ್ಕೂಲು ಹುದ್ದೆಗೆ ಅರ್ಜಿ ಹಾಕುವಾಗ ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿದ್ದೀರಿ ಅಂತ ನೋಡುತ್ತಾರೆ. ಸ್ನೇಹಿತರು ಸೇರಿದರು ಅಂತ ಸೇರಿ, ಹೊಂದದ ವಿಷಯ ತೆಗೆದುಕೊಂಡು, ಬಿ.ಎಡ್. ಮುಗಿದ ಮೇಲೆ ಅರ್ಜಿ ತಿರಸ್ಕೃತವಾದವರು ಮಂಡ್ಯದಲ್ಲೂ ಇದ್ದಾರೆ, ಮೈಸೂರಿನಲ್ಲೂ ಇದ್ದಾರೆ. ಬಿ.ಎಡ್.ಗೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 50 ಬೇಕು ಅನ್ನುವುದೂ ಮನಸ್ಸಿನಲ್ಲಿರಲಿ.

ಒಂದನೇ ಕ್ಲಾಸು ಅಂದರೆ ಸುಲಭ ಅಂತ ತಿಳಿಯಬೇಡ. ಅಲ್ಲಿರುವುದು ನಲಿ-ಕಲಿ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳೇ ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರುಮಾಡಿದ ಪದ್ಧತಿ ಅದು. ಅಲ್ಲಿ ಅಕ್ಷರ 'ಅ ಆ ಇ ಈ' ಅಂತ ಶುರುವಾಗುವುದಿಲ್ಲ, 'ರ ಗ ಸ ದ ಅ' ಅಂತ ಶುರುವಾಗುತ್ತದೆ. ಬರೆಯಲು ಕೈಗೆ ಸುಲಭ, ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಅಂತ ಓದಲು ಪದಗಳೂ ಸಿಗುತ್ತವೆ. ಐವತ್ತು ಅಕ್ಷರ ಬಾಯಿಪಾಠ ಮಾಡಿಯೂ ಒಂದು ಪದ ಓದಲಾಗದ ಮಗುವಿಗೂ, ಐದು ಅಕ್ಷರದಲ್ಲೇ ಗರಗಸ ಓದಿದ ಮಗುವಿಗೂ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ. ಆಮೇಲೆ 'ಜ ವ ಮ ಬ ನ'.

ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ, ಐದು ತಟ್ಟೆ, ಅಂದರೆ ಐದು ಗುಂಪು. ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದಕ್ಕೆ ಅರೆಬರೆ, ನಡುವಿನವಕ್ಕೆ ಗೆಳೆಯರ ಸಹಾಯ, ಕೊನೆಯದು ಸ್ವಕಲಿಕೆ. ಕೆಡುವುದು ಎಲ್ಲಿ ಗೊತ್ತಾ? ಹೊಸ ಟೀಚರು ಮೊದಲ ಗುಂಪಿನಲ್ಲೇ ಕೂತುಬಿಡುತ್ತಾರೆ, ಸ್ವಕಲಿಕೆಯ ಗುಂಪು ಕಾಪಿ ಹೊಡೆಯುತ್ತಾ ಕೂರುತ್ತದೆ. ಇಲ್ಲವೇ ಮಗು ಕಾರ್ಡಿನ ಚಿತ್ರ ನೋಡಿ ಪದ ಹೇಳಿದ್ದನ್ನು ಓದಿತು ಅಂದುಕೊಂಡು ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮುಂದಿನ ಮೆಟ್ಟಿಲಿಗೆ ಹಾಕಿಬಿಡುತ್ತಾರೆ. ಚಿತ್ರ ಮುಚ್ಚಿ ಓದಿಸು, ಆಗ ಗೊತ್ತಾಗುತ್ತದೆ.

ಇನ್ನು ನಮ್ಮ ಮಂಡ್ಯದ ವಿಷಯ. ನಿನ್ನ ಊರಿನ ಮಕ್ಕಳು 'ಹಾಲು' ಅನ್ನುವುದಕ್ಕೆ 'ಆಲು' ಅಂತಾರೆ, 'ಅಕ್ಕಿ' ಬರೆಯಲು ಹೇಳಿದರೆ ಕೆಲವರು ಎಚ್ಚರ ಹೆಚ್ಚಾಗಿ 'ಹಕ್ಕಿ' ಬರೆಯುತ್ತಾರೆ. ನಗಬೇಡ, ಬಾಯಿಂದ ತಿದ್ದಿಸಲೂ ಹೋಗಬೇಡ, ಮನೆಯಲ್ಲಿ ಎಲ್ಲರೂ ಆಡುವ ಮಾತು ಅದು. ಅಕ್ಕಿ, ಹಕ್ಕಿ ಎರಡರ ಚಿತ್ರ ಇಟ್ಟು, ಪದದ ಚೀಟಿ ಕೊಟ್ಟು ಹೊಂದಿಸಲು ಹೇಳು. ಮಾತಿನಲ್ಲಿ ಹೇಗಾದರೂ ಇರಲಿ, ಬರವಣಿಗೆಯಲ್ಲಿ ಹ ಬೇಕು ಅಂತ ಕಣ್ಣಿಗೆ ಅಭ್ಯಾಸ ಆದರೆ ಸಾಕು. ಕಬ್ಬು ಕಡಿಯುವ ಕಾಲಕ್ಕೆ ಕೂಲಿಯವರ ಮಕ್ಕಳು ವರ್ಷದ ಮಧ್ಯೆ ಬರುತ್ತಾರೆ. ಟಿ.ಸಿ. ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ ಅದು ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಟಿ.ಸಿ. ತಡವಾದದ್ದಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಕೋಲೂ ಹಿಡಿಯುವಂತಿಲ್ಲ.

ತರಗತಿಯಲ್ಲಿ ಪ್ರಶ್ನೆ ಕೇಳುವಾಗ ಮೊದಲು ಪ್ರಶ್ನೆ, ಆಮೇಲೆ ಹೆಸರು. ಹೆಸರು ಮೊದಲು ಕರೆದರೆ ಉಳಿದವರು ಯೋಚಿಸುವುದನ್ನೇ ಬಿಟ್ಟುಬಿಡುತ್ತಾರೆ. ಕೇಳಿ ಮೂರು ಸೆಕೆಂಡು ಸುಮ್ಮನಿರು. ಹೇಳುವುದು ಸುಲಭ, ಹೊಸಬರಿಗೆ ಆ ಮೂರು ಸೆಕೆಂಡು ಮೂರು ನಿಮಿಷದ ಹಾಗೆ ಅನ್ನಿಸಿ ತಾವೇ ಉತ್ತರ ಹೇಳಿಬಿಡುತ್ತಾರೆ. ಚಾಕ್‌ಪೀಸು ಕೀರಲು ಶಬ್ದ ಮಾಡಿದರೆ ಅರ್ಧ ಮುರಿದು ಓರೆಯಾಗಿ ಹಿಡಿ.

ಕೋರ್ಸು ಮುಗಿದ ಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 1ರಿಂದ 5ಕ್ಕೆ ಪತ್ರಿಕೆ ಒಂದು, 6ರಿಂದ 8ಕ್ಕೆ ಪತ್ರಿಕೆ ಎರಡು. 150 ಪ್ರಶ್ನೆ, 150 ನಿಮಿಷ, ಸಾಮಾನ್ಯ ವರ್ಗಕ್ಕೆ 90 ಅಂಕ ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಎಲ್ಲರೂ ಗಣಿತದ ಭಯದಲ್ಲಿ ಗಣಿತವನ್ನೇ ತಿದ್ದುತ್ತಾರೆ. ಅದರ ಅಂಕ 30. ಎರಡು ಭಾಷೆ ಸೇರಿ 60! ಇಂಗ್ಲಿಷನ್ನು ಕಡೆಗಣಿಸಿ ಎಂಬತ್ತರ ಆಸುಪಾಸಿನಲ್ಲಿ ನಿಂತವರೇ ಜಾಸ್ತಿ. ಮಕ್ಕಳ ಮನೋವಿಜ್ಞಾನದ 30ರಲ್ಲೂ ಪಿಯಾಜೆ, ವೈಗಾಟ್ಸ್ಕಿ ಅನ್ನುವ ಮನೋವಿಜ್ಞಾನಿಗಳ ಹೆಸರು, ಅವರು ಹೇಳಿದ ಹಂತ ಉರುಹೊಡೆದರೆ ಸಾಲದು. ತರಗತಿಯಲ್ಲಿ ಹೀಗೆ ಹೀಗೆ ಮಾಡಿದ ಮಗುವಿಗೆ ನೀವೇನು ಮಾಡುವಿರಿ ಅಂತ ಕೇಳುತ್ತಾರೆ. ಟಿಇಟಿ ಪಾಸಾದರೆ ಕೆಲಸ ಸಿಕ್ಕಂತಲ್ಲ, ನೇಮಕಾತಿಗೆ ಮತ್ತೆ ಸ್ಪರ್ಧಾತ್ಮಕ ಪರೀಕ್ಷೆ. ಆದರೆ ಪ್ರಮಾಣಪತ್ರ ಈಗ ಜೀವನಪೂರ್ತಿ ಊರ್ಜಿತ, ಮೊದಲಿನಂತೆ ಏಳು ವರ್ಷಕ್ಕೆ ಮುಗಿಯುವುದಿಲ್ಲ.

ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಮಧ್ಯದಲ್ಲಿ ಅತಿಥಿ ಶಿಕ್ಷಕಿಯಾಗಿ ಹೋಗಬಹುದು, ಖಾಸಗಿ ಶಾಲೆಗೂ ಹೋಗಬಹುದು. ಖಾಸಗಿಯಾದರೆ ನೇಮಕಾತಿ ಪತ್ರ, ಪಿ.ಎಫ್. ಕೇಳು. ಅಸಲು ಅಂಕಪಟ್ಟಿ ನಮ್ಮ ಬಳಿ ಇರಲಿ ಅಂದರೆ ಕೊಡಬೇಡ, ಜೆರಾಕ್ಸ್ ಕೊಡು.

ಈಗಲೇ ಮಾಡಬೇಕಾದ್ದು ಒಂದಿದೆ. ನೀನು 1ರಿಂದ 10ರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇಕಡ 25, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಿದೆ. ಅದರ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಅದಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಕೊನೆಯ ದಿನ ಓಡಾಡುವಾಗಲೇ ಹೆಡ್‌ಮಾಸ್ಟರು ರಜೆಯಲ್ಲಿರುತ್ತಾರೆ.

ಅರ್ಜಿ ಹಾಕುವ ಮೊದಲು ಊರಿನ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಮೂರು ದಿನ ಒಂದನೇ ಕ್ಲಾಸಿನಲ್ಲಿ ಕೂತು ಬಾ. ಜೂನ್ ತಿಂಗಳಲ್ಲೇ ಹೋಗು, ಬಾಗಿಲ ಬಳಿ ಅಳುವ ಮಕ್ಕಳು, ಮೂಗು, ಚಡ್ಡಿ ಎಲ್ಲ ಆಗಲೇ ಕಾಣುವುದು. ಮೂರನೇ ದಿನ ಬಿಸಿಯೂಟ ಆದಮೇಲೂ ಕೂತಿರಬೇಕು ಅನ್ನಿಸಿದರೆ ಡಿ.ಎಲ್.ಇಡಿ. ಸಾಲಿನಲ್ಲಿ ನಿಲ್ಲು. ಅನ್ನಿಸದಿದ್ದರೂ ಬೇಜಾರಿಲ್ಲ, ಬಿ.ಎಸ್ಸಿ. ಇದ್ದೇ ಇದೆ.

ನೋಡಿ ಬಂದ ಮೇಲೆ ಭಾನುವಾರ ಇಲ್ಲಿಗೆ ಬಾ, ಭಾವನವರನ್ನೂ ಕರೆದುಕೊಂಡು ಬಾ. ಬರುವಾಗ ಹತ್ತನೇ ಕ್ಲಾಸು, ಪಿಯುಸಿ ಅಂಕಪಟ್ಟಿಯ ಎರಡೆರಡು ಜೆರಾಕ್ಸ್ ತಾ, ಅರ್ಜಿಯನ್ನು ಇಲ್ಲೇ ಕೂತು ತುಂಬೋಣ. ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ
ಮಾವ