ಒಂದನೇ ತರಗತಿ ಪೋಷಕರ ಗಮನಕ್ಕೆ: ಶನಿವಾರ ಅಡುಗೆಮನೆಯ ಪಾಠ

ಪೋಷಕರೆಲ್ಲರಿಗೂ ನಮಸ್ಕಾರ. ಈ ಶನಿವಾರ ನಲಿಕಲಿ ತರಗತಿಯಲ್ಲಿ ಮಕ್ಕಳು ಅಡುಗೆಮನೆಯ ವಸ್ತುಗಳ ಹೆಸರು ಕಲಿಯುತ್ತಾರೆ. ನಮ್ಮಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳಿದ್ದಾರೆ. ಮೊನ್ನೆ ಒಂದೇ ಗಡ್ಡೆಗೆ ಈರುಳ್ಳಿ, ಉಳ್ಳಾಗಡ್ಡಿ, ಪ್ಯಾಜ್, ಉಲ್ಲಿಪಾಯ ಎಂದು ನಾಲ್ಕು ಹೆಸರು ಬಂದವು, ಕನ್ನಡದಲ್ಲೇ ಎರಡು!

ಮಗುವಿನ ಕೈಯಲ್ಲಿ ಸೌಟು, ಜರಡಿ, ಬೆಳ್ಳುಳ್ಳಿ, ಹೀಗೆ ಏನಾದರೊಂದು ಕಳುಹಿಸಿ. ಚಾಕು, ಗಾಜು ಬೇಡ. ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿಕೊಡಿ. ಕನ್ನಡ ಪದವನ್ನು ಬಾಯಿಪಾಠ ಮಾಡಿಸಬೇಡಿ, ಅದು ನನ್ನ ಕೆಲಸ. ಪಾತ್ರೆಯಾದರೆ ಗುರುತು ಹಾಕಿರಿ. ಹೋದ ಸಲದ ಮೂರು ಲೋಟಗಳು ಇನ್ನೂ ನನ್ನ ಮೇಜಿನ ಮೇಲೆಯೇ ಇವೆ.

ಏನು ಕಳುಹಿಸುತ್ತೀರಿ ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲಿ ತಿಳಿಸಿ. ಬರೆಯಲು ಕಷ್ಟವಾದರೆ ಧ್ವನಿ ಸಂದೇಶ ಸಾಕು, ಯಾವ ಭಾಷೆಯಲ್ಲಾದರೂ ಸರಿ.

– ತರಗತಿ ಶಿಕ್ಷಕಿ