ಎರಡು ದಿನಕ್ಕೇ ಲಂಡನ್ ಮುಗೀತಾ ಪುಟ್ಟಿ?

ಪುಟ್ಟಿ,

ನಿನ್ನ ಫೋಟೋ ಎಲ್ಲಾ ಅಕ್ಕ ಫಾರ್ವರ್ಡ್ ಮಾಡಿದ್ಲು. ಬಿಗ್ ಬೆನ್ನು, ಟವರ್ ಬ್ರಿಡ್ಜು, ಲಂಡನ್ ಐ, ಅರಮನೆ ಗೇಟು, ಎಲ್ಲಾ ಕಡೆ ಅದೇ ಜಾಕೆಟ್ಟು ಅದೇ ನಗು. ಕೆಳಗೆ "ಫಸ್ಟ್ ವೀಕೆಂಡಲ್ಲೇ ಲಂಡನ್ ಆಲ್ಮೋಸ್ಟ್ ಮುಗೀತು" ಅಂತ ಬೇರೆ ಬರ್ದಿದೀಯ. ಅಲ್ವೇ, ಅದೇನು ಸಿಲಬಸ್ಸಾ ಮುಗಿಸೋಕೆ?

ಬೈತಿಲ್ಲ ಕಣೆ. ಇಪ್ಪತ್ತು ವರ್ಷದ ಹಿಂದೆ ಓದೋಕೆ ಹೋದಾಗ ನಾನೂ ಹಂಗೇ ಮಾಡಿದ್ದು. ಮೊದಲ ವಾರ ಟ್ಯೂಬ್ ಅನ್ನೋ ಅಲ್ಲಿನ ನೆಲದಡಿ ರೈಲಿನ ಮ್ಯಾಪ್ ಕೈಲಿ ಹಿಡ್ಕೊಂಡು ಲೆಸ್ಟರ್ ಸ್ಕ್ವೇರಿಂದ ಕೋವೆಂಟ್ ಗಾರ್ಡನ್‌ಗೆ ರೈಲಲ್ಲಿ ಹೋದೆ, ಅಷ್ಟು ಆಳಕ್ಕೆ ಇಳ್ದು, ಪ್ಲಾಟ್‌ಫಾರಂ ಹುಡುಕಿ, ಆ ಕಡೆ ಮೇಲೆ ಬರೋಕೆ ಲಿಫ್ಟಿಗೆ ಕ್ಯೂ ನಿಂತು, ಹೊರಗೆ ಬಂದು ನೋಡಿದ್ರೆ ಎರಡು ಸ್ಟೇಷನ್ನಿಗೂ ಮಧ್ಯ 300 ಮೀಟರೂ ಇಲ್ಲ! ನಡೆದಿದ್ರೆ ಐದೇ ನಿಮಿಷ, ದುಡ್ಡೂ ಉಳೀತಿತ್ತು. ನಿನ್ನ ಇಂಜಿನಿಯರ್ ತಲೆಗೆ ಇದು ಇಷ್ಟ ಆಗುತ್ತೆ ಕೇಳು: ಆ ಮ್ಯಾಪನ್ನ 1931ರಲ್ಲಿ ಹ್ಯಾರಿ ಬೆಕ್ ಅನ್ನೋ ಡ್ರಾಫ್ಟ್ಸ್‌ಮನ್ ಒಬ್ಬ ಸರ್ಕ್ಯೂಟ್ ಡಯಾಗ್ರಾಂ ಥರ ಬರ್ದಿದ್ದು. ಯಾವ ಸ್ಟೇಷನ್ ಆದ್ಮೇಲೆ ಯಾವ್ದು ಅಂತ ಹೇಳುತ್ತೆ ಅಷ್ಟೇ, ಎಷ್ಟು ದೂರ ಅಂತ ಹೇಳಲ್ಲ. ಅದನ್ನೇ ನಂಬ್ಕೊಂಡು ಓಡಾಡಿದ್ರೆ ಊರು ನಿಂಗೆ ಬರೀ ಸ್ಟೇಷನ್ ಹೆಸರಾಗಿ ಉಳ್ಕೊಳುತ್ತೆ, ನಂಗೆ ಮೂರು ತಿಂಗಳು ಹಂಗೇ ಆಗಿತ್ತು.

ಅದಕ್ಕೇ ಹೇಳೋದು, ಕ್ಲಾಸಿಗೆ ಲೇಟಾದಾಗ ಟ್ಯೂಬು, ಉಳಿದಿದ್ದಕ್ಕೆ ಬಸ್ಸು. 15ನೇ ನಂಬರ್ ಹತ್ತಿ ಮಹಡಿ ಮೇಲೆ ಮುಂದಿನ ಸೀಟು ಹಿಡ್ಕೊ, ಟ್ರಫಾಲ್ಗರ್ ಸ್ಕ್ವೇರ್, ಸೇಂಟ್ ಪಾಲ್ಸ್, ಟವರ್ ಎಲ್ಲಾ ಕಿಟಕಿಲೇ ಬರುತ್ತೆ. ಮೊದಲನೇ ಸಲ ಕಾರ್ಡ್ ಮುಟ್ಟಿಸಿದ್ಮೇಲೆ ಒಂದು ಗಂಟೆ ಒಳಗೆ ಎಷ್ಟು ಬಸ್ ಬದಲಾಯಿಸಿ ಹತ್ತಿದ್ರೂ ಒಂದೇ ಚಾರ್ಜು. ಹಾಂ, ಟ್ಯೂಬಲ್ಲಿ ಒಳಗೆ ಹೋಗುವಾಗ ಫೋನು, ಆಚೆ ಬರುವಾಗ ಕಾರ್ಡು ಮುಟ್ಟಿಸ್ಬೇಡ, ಒಂದೇ ಬ್ಯಾಂಕಿಂದಾದ್ರೂ ಅದು ಬೇರೆ ಬೇರೆ ಅಂತ ಲೆಕ್ಕ ಹಾಕಿ ಎರಡಕ್ಕೂ ಪೂರ್ತಿ ಕೀಳುತ್ತೆ. ಸ್ಟೂಡೆಂಟ್ ಆಯ್ಸ್ಟರ್ ಅನ್ನೋ ಬಸ್ಸು-ಟ್ಯೂಬ್ ಕಾರ್ಡಿನ ರಿಯಾಯಿತಿನೂ ವಾರದ್ದೋ ತಿಂಗಳದ್ದೋ ಪಾಸ್ ತಗೊಂಡ್ರೆ ಮಾತ್ರ, ದಿನಾ ಹೋಗೋದಿಲ್ಲ ಅಂದ್ರೆ ಲೆಕ್ಕ ಹಾಕ್ಕೊಂಡು ಮಾಡಿಸು. ನೀರಿನ ಬಾಟ್ಲಿ ಕೊಳ್ಬೇಡ, ನಲ್ಲಿ ನೀರೇ ಕುಡೀಬಹುದು.

ಇನ್ನೊಂದು ವಿಷ್ಯ. ನೀನು ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಫೋಟೋ ತೆಗ್ದು ವಾಪಸ್ ಬಂದಿದೀಯ. ಮುಂದಿನ ಸಲ ಸೇತುವೆ ದಾಟಿ ಬಲಕ್ಕೆ ತಿರುಗು, ಥೇಮ್ಸ್ ಪಕ್ಕದಲ್ಲೇ ನಡಿ. ಕೋವಿಡ್ಡಲ್ಲಿ ಹೋದೋರಿಗೆ ಒಬ್ಬೊಬ್ರಿಗೂ ಒಂದೊಂದು ಅಂತ ಕೆಂಪು ಹೃದಯ ಬರ್ದಿರೋ ಉದ್ದನೇ ಗೋಡೆ ಸಿಗುತ್ತೆ, ಅಲ್ಲಿ ಸೆಲ್ಫಿ ಬೇಡ, ಸುಮ್ನೆ ಹೆಸರು ಓದ್ಕೊಂಡು ನಡಿ. ಆಮೇಲೆ ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಂಡೇಲಿ ಸ್ವಲ್ಪ ಮುಂದೆ ಹೋದ್ರೆ ನದಿ ಪಕ್ಕದ ಪಾರ್ಕಲ್ಲಿ ನಮ್ಮ ಬಸವಣ್ಣ ಇದ್ದಾರೆ! ನಾನಿದ್ದಾಗ ಇರ್ಲಿಲ್ಲ, ಕಲಬುರಗಿ ಕಡೆಯೋರಾದ ನೀರಜ್ ಪಾಟೀಲ್ ಅಂತ, ಅಲ್ಲಿ ಮೇಯರ್ ಆಗಿದ್ದೋರು, ಓಡಾಡಿ ಮಾಡಿಸಿದ್ದು, 2015ರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಮನೆ ನೆನಪಾಗಿ ಅಳು ಬಂದ ದಿನ ಅಲ್ಲಿಗೆ ಹೋಗು. ಅಳು ಬರಲ್ಲ ಅಂತ ಸುಳ್ಳು ಹೇಳ್ಬೇಡ, ಆ ಫೋಟೋಗಳ ನಗು ನಂಗೆ ಗೊತ್ತಾಗುತ್ತೆ.

ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂನೂ ಬಿಡ್ಬೇಡ, ಒಳಗೆ ಹೋಗೋಕೆ ದುಡ್ಡಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ತಗೊಂಡೋದ ಟಿಪ್ಪುವಿನ ಮರದ ಹುಲಿ ಅವರ ಹತ್ರಾನೇ ಇರೋದು, ಯುರೋಪಿಯನ್ ಸಿಪಾಯಿ ಮೇಲೆ ಕೂತು ಕುತ್ತಿಗೆಗೆ ಬಾಯಿ ಹಾಕಿದೆ, ಹಿಡಿ ತಿರುಗಿಸಿದ್ರೆ ಸಿಪಾಯಿ ನರಳ್ತಾನಂತೆ. ಸ್ಕೂಲ್ ಟ್ರಿಪ್ಪಲ್ಲಿ ದರಿಯಾ ದೌಲತ್ ನೋಡಿದ್ದ ನಂಗೆ ಇದನ್ನ ಗಾಜಿನೊಳಗೆ ನೋಡಿ ಮೈ ಉರೀತು, ಆಮೇಲೆ ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ ಅಂತ ಅನ್ನಿಸ್ತು, ಹಂಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನಿಂಗೇನನ್ಸುತ್ತೆ ನೋಡಿ ಹೇಳು. ಹೋಗೋ ಮುಂಚೆ ಆ ಗ್ಯಾಲರಿ ತೆರೆದಿದ್ಯಾ ಅಂತ ವೆಬ್‌ಸೈಟಲ್ಲಿ ನೋಡ್ಕೊ.

ಸುತ್ತೋದು ಈಗ್ಲೇ ಸುತ್ತು. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರ್ತಾನೆ, ರೂಮಲ್ಲೇ ಕೂತ್ರೆ ಮಂಕು ಹಿಡಿಯುತ್ತೆ, ಮಧ್ಯಾಹ್ನ ಊಟದ ಹೊತ್ತಲ್ಲಾದ್ರೂ ಆಚೆ ಬಾ. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ನಿನ್ನ ಫೋನ್ ಇಲ್ಲಿಗೆ ಒಂದು ಗಂಟೆ ತಡವಾಗಿ ಬರುತ್ತೆ, ಅಕ್ಕನಿಗೆ ಈಗ್ಲೇ ಹೇಳಿಡು. ಇಲ್ದಿದ್ರೆ ಮಾಮೂಲಿ ಟೈಮಿಗೆ ನಿನ್ನ ಫೋನ್ ಬರ್ಲಿಲ್ಲ ಅಂತ ರಾತ್ರಿ ಹತ್ತು ಗಂಟೆಗೆ ನನ್ನ ಪ್ರಾಣ ತಿಂತಾಳೆ.

ನಿನ್ನ
ಚಿಕ್ಕಮ್ಮ